ಬಾಡಿಗೆಯ ಹಾಡು, ಸ್ವಂತದ ಕಿವಿ

ಕನ್ನಡ ಕಲಿಸುವವನು ಛಂದಸ್ಸು, ಅಲಂಕಾರ, ವಿಮರ್ಶೆಗಳ ಬೇಲಿಯೊಳಗೇ ಇರಬೇಕು. ತಂತಿ, ಪಿನ್ನು, ಆಂಪ್ಲಿಫೈಯರುಗಳ ಗೊಡವೆ ಅವನಿಗೆ ಸಲ್ಲದು ಎಂಬ ಅಭಿಪ್ರಾಯ ನಮ್ಮ ವಿದ್ವಾಂಸರಲ್ಲಿ ಬಲವಾಗಿ ಬೇರೂರಿದೆ. "ಯಾಕ್ರೀ ಸರ, ಸಾಹಿತ್ಯದವ್ರಿಗೆ ಈ ವಾಯರಿನ ಉಸಾಬರಿ ಯಾಕ ಬೇಕು?" ಎಂದು ನನ್ನನ್ನು ಕೇಳಿದ ಸಹೋದ್ಯೋಗಿಗಳು ಒಬ್ಬಿಬ್ಬರಲ್ಲ. ಅವರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು: ನಮ್ಮ ಭಾಗದ ಸಾಹಿತ್ಯದ ಬಹುಪಾಲು ಕಣ್ಣಿಗಾಗಿ ಹುಟ್ಟಿದ್ದಲ್ಲ, ಕಿವಿಗಾಗಿ ಹುಟ್ಟಿದ್ದು, ಕಿವಿಯ ದಾರಿ ಕೆಟ್ಟರೆ ಆ ಸಾಹಿತ್ಯಕ್ಕೆ ಬೇರೆ ದಾರಿಯಿಲ್ಲ. ಆದರೆ ಒಂದು ಮಾತಿಗೆ ತಲೆದೂಗಿ ಮರುದಿನ ಮರೆಯುವುದು ನಮ್ಮ ಜನರ ರೂಢಿ. ಆದುದರಿಂದ ಅದೇ ಮಾತನ್ನು ತುಸು ವಿಸ್ತರಿಸಿ, ತುಸು ಖಾರವಾಗಿಯೇ ಇಲ್ಲಿ ಹೇಳಬೇಕಾಗಿದೆ.

ಯಾದಗಿರಿ, ಶಹಾಪುರ, ಸುರಪುರ ಈ ಮೂರೂರುಗಳ ಸುತ್ತಿನ ನೆಲವನ್ನು ನೋಡಿರಿ. ಜೇಡರ ದಾಸಿಮಯ್ಯನ ಮುದನೂರು ಸುರಪುರದ ಸೀಮೆಯದು. ಮೌನೇಶ್ವರನ ತಿಂಥಣಿ ಕೃಷ್ಣೆಯ ದಂಡೆಯ ಮೇಲಿದೆ. 'ಕಮಲೇಶವಿಠಲ' ಎಂಬ ಅಂಕಿತದ ಆನಂದದಾಸರು ಸುರಪುರದವರು. ಇತ್ತ ಕಡಕೋಳ ಮಡಿವಾಳಪ್ಪನವರು, ಅವರ ಬಳಿವಿಡಿದು ಬಂದ ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ. ಒಂದೇ ಏಕತಾರಿಯ ಕೆಳಗೆ ಜಾತಿಯೂ ಮತವೂ ಕಲೆತುಹೋದ ಪರಂಪರೆ ಇದು. ಮೊಹರಮ್ಮಿನ ರಿವಾಯತ ಪದಗಳನ್ನು ಲಿಂಗಾಯತರ ಮನೆಯ ಹುಡುಗರೂ ಹಾಡುವ ನಾಡು ಇದು. ತತ್ವಪದಗಳು ಅನೇಕ ಸಂಪುಟಗಳಾಗಿ ಅಚ್ಚಾಗಿವೆ. ಅಚ್ಚು ಮಾಡಿದವರಿಗೆ ನಮಸ್ಕಾರ. ಆದರೆ ಅಚ್ಚಾದ ಪದ ಅರ್ಧ ಪದ. ಪಲ್ಲವಿಯನ್ನು ಎಷ್ಟು ಸಲ ತಿರುಗಿ ಹಿಡಿಯಬೇಕು, ಎಲ್ಲಿ ದಮ್ಮಡಿ ನಿಂತು ಮಾತು ಮುಂದಾಗಬೇಕು, ಯಾವ ಶಬ್ದವನ್ನು ಹಾಡುವವನು ಬೇಕೆಂದೇ ನುಂಗುತ್ತಾನೆ, ಹಿಮ್ಮೇಳದವರು ಅದನ್ನು ಹೇಗೆ ಎತ್ತಿಕೊಡುತ್ತಾರೆ, ಇದಾವುದೂ ಪುಟದ ಮೇಲಿಲ್ಲ. ತರಗತಿಯಲ್ಲಿ ನಾವು ಅದನ್ನು ಓದಿ ಹೇಳುವಾಗ ಅದು ಪದವಾಗಿ ಉಳಿಯುವುದಿಲ್ಲ, ಪದ್ಯವಾಗಿಬಿಡುತ್ತದೆ. ಆಮೇಲೆ ಅದರಲ್ಲಿ ಪುನರುಕ್ತಿದೋಷವನ್ನು ಹುಡುಕುವ ವಿಮರ್ಶಕರೂ ಹುಟ್ಟಿಕೊಳ್ಳುತ್ತಾರೆ!

ದನಿಯನ್ನು ಹಿಡಿದಿಡುವ ಯಂತ್ರಗಳು ನಮಗೆ ಹೊಸವಲ್ಲ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ ಜಾನಳ ಹಾಡನ್ನು ಮುದ್ರಿಸಿದ. ರಾತ್ರಿಯಿಡೀ ಬೆಳೆಯಬಲ್ಲ ರಾಗ ಅಂದು ಸುಮಾರು ಮೂರು ನಿಮಿಷಕ್ಕೆ ಕುಗ್ಗಿತು. ತಟ್ಟೆಯ ಅಳತೆಯೇ ಹಾಡಿನ ಅಳತೆಯಾಯಿತು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಶುರುಮಾಡಿದ ಬಾನುಲಿಗೆ 'ಆಕಾಶವಾಣಿ'ಯೆಂಬ ಹೆಸರು ಬಂತು. 1950ರಲ್ಲಿ ಧಾರವಾಡದ ನಿಲಯವೂ 1966ರಲ್ಲಿ ಕಲಬುರ್ಗಿಯ ನಿಲಯವೂ ಬಂದ ಮೇಲೆ ನಮ್ಮ ಹಾಡುಗಾರರ ಕಂಠ ನಮ್ಮ ಮನೆಗಳಿಗೇ ತಿರುಗಿ ಬರುವಂತಾಯಿತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ಹಳ್ಳಿಹಳ್ಳಿಗೂ ತಲಪಿದಾಗ ನಿಜವಾದ ಕ್ರಾಂತಿಯಾಯಿತು. ಆವರೆಗೆ ಯಾರ ಹಾಡನ್ನು ಹಿಡಿದಿಡಬೇಕೆಂಬುದನ್ನು ಕಂಪನಿಯೋ ಸರಕಾರವೋ ತೀರ್ಮಾನಿಸುತ್ತಿತ್ತು. ಕ್ಯಾಸೆಟ್ಟು ಬಂದ ಮೇಲೆ ಊರೇ ತೀರ್ಮಾನಿಸಿತು. ಗುಡಿಯ ಕಟ್ಟೆಯ ಮೇಲೆ ಟೇಪ್ ರಿಕಾರ್ಡರ್ ಇಟ್ಟು ಭಜನೆಯನ್ನು ತುಂಬಿಕೊಂಡ ಕ್ಯಾಸೆಟ್ಟುಗಳು ನಮ್ಮ ತಾಲೂಕುಗಳ ಮನೆಮನೆಯ ಮಾಡಿನಲ್ಲಿ ಇಂದಿಗೂ ಬಿದ್ದಿವೆ. ಹಾಡಿದವರಲ್ಲಿ ಎಷ್ಟೋ ಜನ ಈಗಿಲ್ಲ.

ಆ ಕ್ಯಾಸೆಟ್ಟು ಎಂದರೇನು? ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಅಯಸ್ಕಾಂತದ ಪುಡಿ. ಅಂಟು ಸಡಿಲಿದರೆ ಪುಡಿ ಉದುರುತ್ತದೆ. ಪುಡಿಯ ಜತೆಗೆ ದನಿಯೂ ಉದುರುತ್ತದೆ. ನಮ್ಮ ಬೇಸಿಗೆಯ 40 ಡಿಗ್ರಿ ದಾಟುವ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಅದು ಇನ್ನೆಷ್ಟು ವರ್ಷ ಬದುಕೀತು? ಒಂದು ಕಾಲೇಜಿನ ಕನ್ನಡ ವಿಭಾಗದಲ್ಲಿ ನಾನು ಕಂಡ ನೋಟವನ್ನು ಹೇಳುತ್ತೇನೆ. ಗೋಡೆಯ ಮೇಲೆ ಹೊಚ್ಚಹೊಸ ಸ್ಮಾರ್ಟ್ ಬೋರ್ಡು. ಅದರ ಕೆಳಗಿನ ಬೀರುವಿನಲ್ಲಿ, ಹಿಂದಿನ ಮಾಸ್ತರರೊಬ್ಬರು ಊರೂರು ತಿರುಗಿ ತುಂಬಿಸಿಕೊಂಡು ಬಂದ ಕ್ಯಾಸೆಟ್ಟುಗಳ ರಟ್ಟಿನ ಪೆಟ್ಟಿಗೆ, ಮೇಲೆ ಗೆದ್ದಲಿನ ಮಣ್ಣು. ಬೋರ್ಡಿಗೆ ಅನುದಾನವಿತ್ತು, ಉದ್ಘಾಟನೆಯಿತ್ತು. ಪೆಟ್ಟಿಗೆಗೆ ಎರಡೂ ಇರಲಿಲ್ಲ.

ಈಗ ಎಲ್ಲರ ಬಾಯಲ್ಲೂ ಒಂದೇ ಸಮಾಧಾನ: "ಎಲ್ಲಾ ಮೊಬೈಲಿನ್ಯಾಗ ಸಿಗ್ತದ ಬಿಡ್ರಿ." ಈ ಮಾತನ್ನೇ ನಾನು ಮೊದಲು ಎದುರಿಸಬೇಕಾಗಿದೆ. ಮೊಬೈಲಿನಲ್ಲಿ 'ಸಿಗುವುದು' ಎಂದರೆ ಯಾರೋ ಒಬ್ಬರ ಉಗ್ರಾಣದಿಂದ, ಅವರು ಕೊಡುವಷ್ಟು ದಿನ, ಅವರು ಹೇಳಿದ ಬಾಡಿಗೆಗೆ, ಇಲ್ಲವೆ ಅವರು ತೋರಿಸುವ ಜಾಹೀರಾತಿನ ಋಣಕ್ಕೆ ನಮಗೆ ಹಾಡು ಬರುವುದು ಎಂದರ್ಥ. ಕೊಡುವವರು ಅಂಗಡಿ ಮುಚ್ಚಿದರೆ? ಇದು ಕಲ್ಪನೆಯ ಭಯವಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ನಿಂತುಹೋಯಿತು. 2024ರಲ್ಲಿ ರೆಸ್ಸೊ ನಮ್ಮ ದೇಶದಿಂದ ಕಾಲ್ತೆಗೆಯಿತು; ಅದೇ ವರ್ಷ ಏರ್‌ಟೆಲ್ ಕಂಪನಿ ತನ್ನ ವಿಂಕ್ ಸೇವೆಯನ್ನು ಮುಚ್ಚುವುದಾಗಿ ಸಾರಿತು. ವರ್ಷಗಟ್ಟಲೆ ಅಲ್ಲಿ ಹಾಡುಗಳ ಪಟ್ಟಿ ಕಟ್ಟಿಕೊಂಡು ಕುಳಿತವರ ಕೈಯಲ್ಲಿ ಏನುಳಿಯಿತು? ಬಾಡಿಗೆಯ ಮನೆಯ ಅಂಗಳದಲ್ಲಿ ಮಾವಿನ ಗಿಡ ನೆಟ್ಟವನ ಕಥೆ. ಇನ್ನು ನಮ್ಮ ಊರ ಭಜನೆಯ ಮಾತು: ಲಾಭದ ಲೆಕ್ಕ ಹಾಕುವ ಉಗ್ರಾಣಕ್ಕೆ ಚೆನ್ನೂರ ಜಲಾಲನ ಪದದಿಂದ ಏನು ಲಾಭ? ಅಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಎಂದು ನಮ್ಮ ಹುಡುಗರು ನಂಬತೊಡಗಿದ್ದಾರಲ್ಲ, ಅದು ಇದರ ನಿಜವಾದ ಅಪಾಯ.

ಹಾಗಾದರೆ ನನ್ನ ಸೂಚನೆಯೇನು? ಬಹಳ ಸಣ್ಣದು, ಅಂಗೈಯಷ್ಟೇ ಅಗಲದ್ದು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು 2012ರ ಫೆಬ್ರವರಿ 29ರಂದು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂತು. ಶಾಲೆಯ ಮಕ್ಕಳು ಕಂಪ್ಯೂಟರಿನ ಒಳಗನ್ನು ಕಲಿಯಲೆಂದು ಎಬೆನ್ ಅಪ್ಟನ್ ಮತ್ತು ಅವರ ಗೆಳೆಯರು ಕೇಂಬ್ರಿಜ್ಜಿನಲ್ಲಿ ರೂಪಿಸಿದ ಯಂತ್ರ ಅದು. ಅಂದಿನ ಬೆಲೆ 35 ಡಾಲರು. 2021ರಲ್ಲಿ ಬಂದ ಅದರ ಇನ್ನೂ ಚಿಕ್ಕ ತಮ್ಮ 'ಜೀರೋ 2 ಡಬ್ಲ್ಯೂ' 15 ಡಾಲರಿಗೆ ಬಂತು. ಇದನ್ನು ಮನೆಯ ಆಂಪ್ಲಿಫೈಯರಿಗೆ, ಇಲ್ಲವೆ ಹಳೆಯ ಟೇಪ್ ಡೆಕ್ಕಿನ ಜತೆಗೆ ಬಂದ ಸ್ಪೀಕರ್ ಸೆಟ್ಟಿಗೆ ಜೋಡಿಸಿ, ಹಾಡುಗಳನ್ನು ಅದರ ಕಾರ್ಡಿನಲ್ಲೇ ತುಂಬಿಡಿರಿ. ಮ್ಯೂಸಿಕ್ ಪ್ಲೇಯರ್ ಡೀಮನ್, ವಾಲ್ಯೂಮಿಯೊ, ಮೂಡ್ ಮೊದಲಾದ ಉಚಿತ ತಂತ್ರಾಂಶಗಳು ಇದಕ್ಕೆಂದೇ ಇವೆ. ಹಾಡುವುದು ಆ ಪೆಟ್ಟಿಗೆ. ಮನೆಯವರ ಮೊಬೈಲು ಬರೀ ಅಪ್ಪಣೆ ಕೊಡುವ ಗುಂಡಿ. ಇಂಟರ್ನೆಟ್ಟು ಸತ್ತಿದ್ದರೂ ಮನೆಯೊಳಗಿನ ವೈಫೈ ಇದ್ದರೆ ಸಾಕು.

ಜೋಡಿಸುವ ಬಗೆ ಗುಟ್ಟಿನದೇನೂ ಅಲ್ಲ. ಕಂಪ್ಯೂಟರಿನೊಳಗೆ ಹಾಡು ಅಂಕಿಗಳ ಸಾಲು. ಸಿಡಿಯ ಕ್ರಮದಲ್ಲಿ ಪ್ರತಿ ಸೆಕೆಂಡಿಗೆ 44,100 ಸಲ ದನಿಯ ಎತ್ತರವನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆದಿಡುತ್ತಾರೆ. ಈ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿಸುವ ಚಿಪ್ಪಿಗೆ ಡ್ಯಾಕ್ ಎನ್ನುತ್ತಾರೆ. ಹಳೆಯ ಪೈಗಳಲ್ಲಿರುವ 3.5 ಮಿಲಿಮೀಟರಿನ ತೂತಿನಿಂದಲೂ ದನಿ ಬರುತ್ತದೆ. ಆದರೆ ಅಲ್ಲಿ ಸರಿಯಾದ ಡ್ಯಾಕ್ ಇಲ್ಲ, ಆದ್ದರಿಂದ ದನಿಯ ಹಿಂದೆ ಸಣ್ಣ ಸುಯ್ಯೆನ್ನುವ ಸದ್ದು. 'ಜೀರೋ'ದಲ್ಲೂ 2023ರ ಪೈ 5ರಲ್ಲೂ ಆ ತೂತೇ ಇಲ್ಲ. ಆದುದರಿಂದ ಪೈಯ ನೆತ್ತಿಯ ಮೇಲಿನ 40 ಪಿನ್ನುಗಳಿಗೆ ಡ್ಯಾಕ್ ಹಲಗೆಯೊಂದನ್ನು ಕೂರಿಸಬೇಕು. ಪಿಸಿಎಂ 5102ಎ ಎಂಬ ಚಿಪ್ಪಿನ ಸಾಧಾರಣ ಹಲಗೆ ಮನೆಗೆ ಧಾರಾಳವಾಯಿತು. ಅಲ್ಲಿಂದ ಕೆಂಪು-ಬಿಳಿ ಪಿನ್ನಿನ ತಂತಿಯನ್ನು ಆಂಪ್ಲಿಫೈಯರಿನ 'ಆಕ್ಸ್' ಎಂದೋ 'ಟೇಪ್ ಇನ್' ಎಂದೋ ಬರೆದಲ್ಲಿಗೆ ಸಿಕ್ಕಿಸಿದರೆ ಕೆಲಸ ಮುಗಿಯಿತು. 'ಫೋನೋ' ಎಂದಿರುವಲ್ಲಿ ಸಿಕ್ಕಿಸಬಾರದು. ಅದು ಗ್ರಾಮಫೋನ್ ತಟ್ಟೆಗೆಂದು ಮಂದ್ರವನ್ನು ಉಬ್ಬಿಸುವ ದಾರಿ. ಮೈಕಿನ ತೂತಿಗೂ ಬೇಡ. ಕ್ಷೀಣವಾದ ಸಂಜ್ಞೆಗೆಂದು ಮಾಡಿದ ಆ ದಾರಿಯಲ್ಲಿ ದನಿ ಒಡೆಯುತ್ತದೆ. ಗುಂಯ್ ಎಂದು ಒಂದೇ ಸಮನೆ ಸದ್ದು ಬಂದರೆ ದೋಷ ಹೆಚ್ಚಾಗಿ ಭೂಸಂಪರ್ಕದ್ದು, ಇಲ್ಲವೆ ಅಗ್ಗದ ಚಾರ್ಜರಿನದು. ಇಷ್ಟನ್ನು ಕಲಿಯಲು ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಜಾತ್ರೆಯಲ್ಲಿ ಮೈಕ್ ಸೆಟ್ ಕಟ್ಟುವ ನಮ್ಮ ಹುಡುಗರು ಇದರ ಹತ್ತರಷ್ಟನ್ನು ಬಲ್ಲರು.

ಮೊಬೈಲಿನ ಪಕ್ಷಪಾತಿಗಳು ಇಲ್ಲಿ ಒಂದು ಚೆನ್ನಾದ ಪ್ರಶ್ನೆಯನ್ನೇ ಎತ್ತುತ್ತಾರೆ: ಮೊಬೈಲನ್ನೇ ತಂತಿಯಿಂದಲೋ ಬ್ಲೂಟೂತಿನಿಂದಲೋ ಆಂಪ್ಲಿಫೈಯರಿಗೆ ಕೂಡಿಸಬಹುದಲ್ಲ, ಇನ್ನೊಂದು ಪೆಟ್ಟಿಗೆ ಏಕೆ? ಕೂಡಿಸಬಹುದು, ಸಂಶಯವಿಲ್ಲ. ಬ್ಲೂಟೂತು ಸಾಮಾನ್ಯವಾಗಿ ಹಾಡನ್ನು ಇನ್ನೊಮ್ಮೆ ಹಿಂಡಿ ಕಳುಹಿಸುತ್ತದೆ ಎಂಬುದನ್ನು ಬೇಕಾದರೆ ಬಿಟ್ಟುಬಿಡೋಣ. ಮುಖ್ಯ ಮಾತು ಬೇರೆ. ಮೊಬೈಲು ಒಬ್ಬನದು; ಹಾಡು ಮನೆಯದು. ಮೊಬೈಲಿನ ಒಡೆಯ ಹೊಲಕ್ಕೋ ಆಫೀಸಿಗೋ ಹೊರಟರೆ ಅವನ ಕಿಸೆಯಲ್ಲಿ ಮನೆಯ ಹಾಡೂ ಹೊರಟುಹೋಗುತ್ತದೆ. ಮನೆಯಲ್ಲಿ ಉಳಿದವಳು ಮುದುಕಿ. ಆ ಪದಗಳನ್ನು ಬಾಯಿಪಾಠ ಬಲ್ಲವಳೂ ಅವಳೇ, ಕೇಳಲು ಹಂಬಲಿಸುವವಳೂ ಅವಳೇ. ಪುಟ್ಟ ಕಂಪ್ಯೂಟರಿನ ಪಿನ್ನಿಗೆ ಕರೆಗಂಟೆಯಂಥ ಒಂದು ಗುಂಡಿಯನ್ನು ಜೋಡಿಸಬಹುದು. ಒತ್ತಿದರೆ ಭಜನೆ, ಮತ್ತೆ ಒತ್ತಿದರೆ ಮೌನ. ಮೊಬೈಲಿನ ಗಾಜನ್ನು ತೀಡಲಾರದ ಬೆರಳು ಆ ಗುಂಡಿಯನ್ನು ಒತ್ತಬಲ್ಲದು. ಇನ್ನು ಬರಿಯ ಮೊಬೈಲಿನ ಸ್ಪೀಕರಿನಲ್ಲೇ ಭಜನೆ ಕೇಳುವವರಿಗೆ ಹೇಳುವುದೇನು? ಉಗುರಿನಷ್ಟು ಅಗಲದ ಆ ಪೊರೆ ಮಂದ್ರದ ಗಾಳಿಯನ್ನು ಅಲುಗಿಸಲಾರದು. ದಮ್ಮಡಿಯ ಗುಮುಕು ಅಲ್ಲಿ ಬರೀ ಟಪಟಪ. ಏಕತಾರಿ ಸೊಳ್ಳೆಯ ದನಿ. ಇದನ್ನೇ ಹಾಡೆಂದು ಕೇಳಿ ಬೆಳೆದ ಹುಡುಗ ನಾಳೆ ನಮ್ಮ ಪದಗಳು ಸಪ್ಪೆಯೆಂದರೆ ತಪ್ಪು ಅವನದಲ್ಲ.

ಇತ್ತ ಇನ್ನೊಂದು ಪಂಥವಿದೆ: ದನಿಯ ಶ್ರೀಮಂತರದು. ಲಕ್ಷಗಟ್ಟಲೆ ರೂಪಾಯಿಯ ಸ್ಪೀಕರು, ಹಾವಿನಷ್ಟು ದಪ್ಪನೆಯ ತಂತಿ, ಬಂಗಾರದ ಲೇಪದ ಪಿನ್ನು ಇವಿಲ್ಲದೆ ಸಂಗೀತವೇ ಇಲ್ಲವೆಂದು ಇವರ ವಾದ. ಇವರಿಗೆ ನನ್ನ ಪುಟ್ಟ ಪೆಟ್ಟಿಗೆ ಆಟಿಕೆ. 16 ಬಿಟ್ಟಿನ ದನಿಯಲ್ಲಿ ಅತಿ ಮೆಲ್ಲನೆಯದಕ್ಕೂ ಅತಿ ಜೋರಿನದಕ್ಕೂ ಸುಮಾರು 96 ಡೆಸಿಬೆಲ್ಲಿನ ಅಂತರವಿದೆ. ಯಾದಗಿರಿಯ ಯಾವ ಮನೆಯಲ್ಲಿ, ಫ್ಯಾನು ತಿರುಗುತ್ತಿರುವಾಗ, ಬೀದಿಯಲ್ಲಿ ಆಟೋ ಓಡುತ್ತಿರುವಾಗ, ಅಷ್ಟು ಅಂತರ ಕೇಳಿಸೀತು? ಕಟ್ಟೆಯ ಮೇಲೆ ಹಿಡಿದ ಕ್ಯಾಸೆಟ್ಟಿನಲ್ಲಂತೂ ಅದರ ಅರ್ಧವೂ ಇರದು. ಈ ಮಹನೀಯರು ಯಂತ್ರವನ್ನು ಕೇಳುತ್ತಾರೆ, ಹಾಡನ್ನಲ್ಲ. ಸಾಮಾನ್ಯರನ್ನು ಹೆದರಿಸಿ ದೂರವಿಡುವುದರಲ್ಲಿ ಇವರಿಗೂ ನಮ್ಮ ಕೆಲವು ವಿಮರ್ಶಕರಿಗೂ ಅಂತರವಿಲ್ಲ.

ನಮ್ಮ ಭಾಗದ ನಿಜವಾದ ತೊಡಕು ಬೇರೆಯದು: ಕರೆಂಟು. ಈ ಕಂಪ್ಯೂಟರುಗಳು ಕಾರ್ಡಿನ ಮೇಲೆ ಏನನ್ನಾದರೂ ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡಿನೊಳಗಿನ ವ್ಯವಸ್ಥೆಯೇ ಕೆಡಬಹುದು. ಇದಕ್ಕೆ ಮದ್ದು ಎರಡು. ಕಾರ್ಡನ್ನು ಓದಲು ಮಾತ್ರ ಬರುವಂತೆ, ಬರೆಯಲು ಬಾರದಂತೆ ಹೊಂದಿಸಿಡುವುದು ಒಂದು. ಇನ್ವರ್ಟರಿನ ಸಾಲಿಗೆ ಕೊಡುವುದು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾಗಿ ಹಾಡುಗಳ ಇನ್ನೊಂದು ಪ್ರತಿ ಬೇರೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಬ್ಬರ ಮನೆಯಲ್ಲಿ ಇರಲೇಬೇಕು. ಬೀಜದ ಜೋಳವನ್ನು ಒಂದೇ ಹಗೇವಿನಲ್ಲಿ ತುಂಬಿಡುವ ರೈತನುಂಟೆ? ಸೆಕೆಯ ಭಯ ಬೇಡ. ಹಾಡು ನುಡಿಸುವುದು ಈ ಯಂತ್ರಕ್ಕೆ ಬೆವರು ತರಿಸುವ ಕೆಲಸವಲ್ಲ, ಆಂಪ್ಲಿಫೈಯರಿನ ಬಿಸಿ ಬೆನ್ನಿನ ಮೇಲೆ ಇಡದಿದ್ದರಾಯಿತು.

ಕ್ಯಾಸೆಟ್ಟಿನಿಂದ ಕಾರ್ಡಿಗೆ ತರುವುದು ಮಾತ್ರ ತಾಳ್ಮೆಯ ಕೆಲಸ. ಪೈಯಲ್ಲಿ ದನಿ ಹೊರಡುವ ದಾರಿಯಿದ್ದರೂ ದನಿ ಒಳಬರುವ ದಾರಿಯಿಲ್ಲ. ಯುಎಸ್‌ಬಿ ಸೌಂಡ್ ಕಾರ್ಡೊಂದನ್ನು ಕೊಂಡು ಟೇಪ್ ಡೆಕ್ಕಿನ ಬಾಯನ್ನು ಅದಕ್ಕೆ ಕೂಡಿಸಬೇಕು. ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಬೇಕು. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷ ಕೂಡಲೇಬೇಕು, ಇಲ್ಲಿ ಒಳದಾರಿಯಿಲ್ಲ. ಆದರೆ ಒಮ್ಮೆ ಕೂತರೆ ಸಾಕು. ಹಿಂಡದೆ ಇಟ್ಟ ಸಿಡಿ ಗುಣದ ದನಿ ಗಂಟೆಗೆ ಸುಮಾರು 635 ಮೆಗಾಬೈಟು. 128 ಗಿಗಾಬೈಟಿನ ಒಂದು ಕಾರ್ಡಿನಲ್ಲಿ 200 ಗಂಟೆಯ ಭಜನೆ ಹಿಡಿಯುತ್ತದೆ. ಫ್ಲ್ಯಾಕ್ ಎಂಬ ರೂಪದಲ್ಲಿಟ್ಟರೆ ಒಂದು ಬಿಟ್ಟೂ ನಷ್ಟವಾಗದೆ ಇನ್ನೂ ಹೆಚ್ಚು. ಗೌಹರ ಜಾನಳಿಗೆ ಮೂರು ನಿಮಿಷ ಕೊಟ್ಟ ಯಂತ್ರವೆಲ್ಲಿ, ಒಂದಿಡೀ ಶಿವರಾತ್ರಿಯ ಜಾಗರಣೆಯನ್ನು ತುಂಡರಿಸದೆ ಮಡಿಲಲ್ಲಿಟ್ಟುಕೊಳ್ಳುವ ಈ ಯಂತ್ರವೆಲ್ಲಿ! ನೂರು ವರ್ಷಕ್ಕೂ ಮಿಕ್ಕಿ ಹಾಡು ಯಂತ್ರದ ಅಳತೆಗೆ ತನ್ನನ್ನು ಕತ್ತರಿಸಿಕೊಂಡಿತು. ಈಗ ಯಂತ್ರವೇ ಹಾಡಿನ ಅಳತೆಗೆ ಬಂದಿದೆ. ಇಂಥ ಹೊತ್ತಿನಲ್ಲಿ ನಾವು ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕುಗಳನ್ನು ನೋಡುತ್ತ ಕುಳಿತಿದ್ದೇವೆ.

ಕನ್ನಡದವನ ಕೆಲಸ ನಿಜವಾಗಿ ಶುರುವಾಗುವುದು ಇದಾದ ಮೇಲೆ. ತುಂಬಿಸಿದ ಹಾಡಿಗೆ ಹೆಸರಿಡಬೇಕಲ್ಲ? ಈ ತಂತ್ರಾಂಶಗಳು ಕೇಳುವುದು ಕಲಾವಿದ, ಆಲ್ಬಮ್, ಹಾಡಿನ ಹೆಸರು, ಇಷ್ಟೇ. ಮಡಿವಾಳಪ್ಪನವರ ಪದವನ್ನು ಇಂದಿನ ಒಬ್ಬ ಹಾಡುಗಾರ ಹಾಡಿದರೆ ಕಲಾವಿದ ಯಾರು? ಅಂಕಿತ ಎಲ್ಲಿ ಬರೆಯುವುದು? ಧಾಟಿ? ಯಾವ ಊರಿನ ಮೇಳ, ಯಾವ ಹಬ್ಬದ ರಾತ್ರಿ? ಇವಕ್ಕೆಲ್ಲ ಸ್ಥಳವಿಲ್ಲವೆಂದಲ್ಲ. ಫ್ಲ್ಯಾಕಿನಲ್ಲಿ ನಮಗೆ ಬೇಕಾದಷ್ಟು ಹೊಸ ಕೋಣೆಗಳನ್ನು ಕಟ್ಟಿಕೊಳ್ಳಬಹುದು. ಆದರೆ ಒಂದು ಸೋಜಿಗ: ಆ ನಿಯಮದಂತೆ ಕೋಣೆಯೊಳಗಿನ ಸಾಮಾನು ಕನ್ನಡದಲ್ಲಿರಬಹುದು, ಕೋಣೆಯ ಬಾಗಿಲ ಮೇಲಿನ ಹೆಸರು ಮಾತ್ರ ರೋಮನ್ ಅಕ್ಷರದಲ್ಲೇ ಇರಬೇಕು! ಇರಲಿ, ರೋಮನ್ ಅಕ್ಷರದಲ್ಲೇ 'ಅಂಕಿತ' ಎಂದು ಬಾಗಿಲಿಗೆ ಬರೆದು, ಒಳಗೆ 'ಕಮಲೇಶವಿಠಲ' ಎಂದು ಕನ್ನಡದಲ್ಲಿ ತುಂಬೋಣ. ಕನ್ನಡ ಲಿಪಿ ಯೂನಿಕೋಡಿಗೆ ಸೇರಿದ್ದು 1991ರಲ್ಲಿ. ಗುಬ್ಬಿ, ನವಿಲು ಎಂಬ ಉಚಿತ ಅಕ್ಷರರೂಪಗಳು ಈ ಪುಟ್ಟ ಕಂಪ್ಯೂಟರಿಗೂ ಸಿಗುತ್ತವೆ. ಅವುಗಳನ್ನು ಹಾಕದೆ ಕನ್ನಡ ಹೆಸರುಗಳ ಬದಲು ಖಾಲಿ ಚೌಕಗಳನ್ನು ಕಂಡು, "ಇದಕ್ಕೆ ಕನ್ನಡ ಬರೂದಿಲ್ರಿ" ಎಂದು ಇಂಗ್ಲಿಷಿನಲ್ಲಿ ಬರೆದಿಡುವವರು ನಮ್ಮವರೇ. ಯಂತ್ರಕ್ಕೆ ಕನ್ನಡ ಬರುತ್ತದೆ. ಬಾರದಿರುವುದು ನಮ್ಮ ಛಲ. ಯಾವ ಪದ ಯಾರದು, ಯಾವ ಅಂಕಿತ ಯಾರಿಗೆ ಸಲ್ಲಬೇಕು, ಎರಡು ಮೇಳಗಳ ಪಾಠಗಳಲ್ಲಿ ವ್ಯತ್ಯಾಸವೇನು, ಇದನ್ನು ನಿರ್ಣಯಿಸಬಲ್ಲವರು ಎಂಜಿನಿಯರರಲ್ಲ. ಹಸ್ತಪ್ರತಿಗಳಿಗೆ ನಾವು ತೋರುವ ಪಾಠಾಂತರದ ಶಿಸ್ತನ್ನೇ ಇಲ್ಲಿಯೂ ತೋರಬೇಕಾಗಿದೆ. ಉಸಾಬರಿ ಏಕೆಂದು ಕೇಳಿದ ನನ್ನ ಸಹೋದ್ಯೋಗಿಗಳಿಗೆ ಇದೇ ಉತ್ತರ: ಈ ಕೆಲಸಕ್ಕೆ ಕನ್ನಡ ಎಂ. ಎ. ಬೇಕು.

"ಸರಕಾರ ಮಾಡ್ತದ, ಅಕಾಡೆಮಿ ಮಾಡ್ತದ" ಎಂಬವರೂ ಉಂಟು. ಮಾಡಲಿ, ಸಂತೋಷ. ಆದರೆ ದೂರದ ಪಟ್ಟಣದ ಭಂಡಾರದಲ್ಲಿ ಬೀಗದೊಳಗಿರುವ ದನಿಯಿಂದ ಇಲ್ಲಿನ ಹುಡುಗ ಹಾಡುವುದನ್ನು ಕಲಿಯಲಾರ. ಯಾದಗಿರಿ 2009ರಲ್ಲಿ ಜಿಲ್ಲೆಯಾಯಿತು. ಹೈದರಾಬಾದ ಕರ್ನಾಟಕಕ್ಕೆಂದು ಸಂವಿಧಾನದಲ್ಲಿ 371ಜೆ ಕಲಮು ಬಂತು. 2019ರಲ್ಲಿ ಈ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂಬ ಹೊಸ ಹೆಸರೂ ಬಂತು. ನೌಕರಿಯ ಪಾಲನ್ನು, ಸೀಟಿನ ಪಾಲನ್ನು ನಾವು ಹಕ್ಕಿನಿಂದ ಕೇಳಿದೆವು, ಕೇಳಬೇಕಾದದ್ದೇ. ನಮ್ಮದೇ ದನಿಯ ಪಾಲನ್ನು ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ. ಅದು ಮಾಡಿನ ಮೇಲೆ ಇದೆ, ಕೈ ಚಾಚಿ ಇಳಿಸಿಕೊಂಡರಾಯಿತು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ನಮ್ಮದು ಎಂದ ಮಾತ್ರಕ್ಕೆ ಕೊಳ್ಳೆ ಹೊಡೆಯಬಹುದೆಂದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಪ್ರಕಟವಾದ ಧ್ವನಿಮುದ್ರಣಕ್ಕೆ 60 ವರ್ಷದ ಹಕ್ಕುಂಟು. ಹಾಡಿದವರಿಗೆ 50 ವರ್ಷದ ಹಕ್ಕು ಬೇರೆ. ಪದ ಹಳೆಯದಾದರೂ ಕಂಠ ಇಂದಿನದು. ಮನೆಯಲ್ಲಿ ಕೇಳಲು, ಅಭ್ಯಾಸ ಮಾಡಲು ಇಟ್ಟುಕೊಳ್ಳುವುದು ಒಂದು. ಹಾಡುಗಾರನನ್ನು ಕೇಳದೆ ಊರಿಗೆಲ್ಲ ಹಂಚಿ, ಜಾಹೀರಾತಿನ ಹಣ ಎಣಿಸುವುದು ಇನ್ನೊಂದು. ಬಡ ಭಜನೆಕಾರನ ಕಂಠವನ್ನು ಅವನ ಹೆಸರೂ ಹೇಳದೆ ಅಂತರ್ಜಾಲಕ್ಕೇರಿಸಿ 'ಜಾನಪದ ಸೇವೆ'ಯೆಂದು ಬೀಗುವವರಿಗಿಂತ ಮಾಡಿನ ಮೇಲಿನ ಗೆದ್ದಲೇ ಮೇಲು. ಅದು ತಿಂದದ್ದನ್ನು ತನ್ನದೆನ್ನುವುದಿಲ್ಲ.

ಆದುದರಿಂದ ನನ್ನ ಒತ್ತಾಯ ಇಷ್ಟು. ಈ ಮೂರು ಪಟ್ಟಣಗಳ ಪ್ರತಿಯೊಂದು ಕಾಲೇಜಿನ ಕನ್ನಡ ವಿಭಾಗದಲ್ಲೂ ಒಂದು ಆಂಪ್ಲಿಫೈಯರು, ಒಂದು ಜೊತೆ ಸ್ಪೀಕರು, ಒಂದು ಪುಟ್ಟ ಕಂಪ್ಯೂಟರು ಇರಬೇಕು. ತತ್ವಪದದ ಪಾಠ ಕೇಳುವಿಕೆಯಿಂದ ಆರಂಭವಾಗಬೇಕು, ಅರ್ಥವಿವರಣೆ ಆಮೇಲೆ. ಎಂ. ಎ. ವಿದ್ಯಾರ್ಥಿಗೆ ಪ್ರಬಂಧದ ಬದಲಾಗಿ ತನ್ನ ಊರಿನ ಹತ್ತು ಕ್ಯಾಸೆಟ್ಟುಗಳನ್ನು ಇಳಿಸಿ, ಹೆಸರಿಟ್ಟು, ಪಾಠ ಬರೆದು ಒಪ್ಪಿಸುವ ಅವಕಾಶ ಸಿಗಬೇಕು. ಬೇರೆಯವರ ಪುಸ್ತಕದಿಂದ ಎತ್ತಿ ಬರೆದ ನೂರು ಪುಟಗಳಿಗಿಂತ ಅದು ದೊಡ್ಡ ಪಾಂಡಿತ್ಯ. ಇಳಿಸಿದ ಹಾಡಿನ ಒಂದು ಪ್ರತಿ ಹಾಡಿದವನ ಮನೆಗೆ ಮರಳಿ ಹೋಗಬೇಕು. ಅವನ ಮನೆಯಲ್ಲಿ ನುಡಿಸುವ ಸೆಟ್ಟಿಲ್ಲದಿದ್ದರೆ ಮಠದಲ್ಲೋ ದರ್ಗಾದಲ್ಲೋ ಇರುವ ಆಂಪ್ಲಿಫೈಯರಿಗೆ ನಮ್ಮ ಹುಡುಗರು ಅದನ್ನು ಜೋಡಿಸಿಕೊಟ್ಟು ಬರಬೇಕು. ದುಡ್ಡಿಲ್ಲ ಎಂಬ ನೆಪ ನಡೆಯದು. ಒಂದು ಉದ್ಘಾಟನೆಯ ಹಾರ, ಶಾಲು, ಪೆಂಡಾಲುಗಳ ಖರ್ಚನ್ನು ಉಳಿಸಿದರೆ ಪೆಟ್ಟಿಗೆ ಬರುತ್ತದೆ.

ಮುಂದಿನ ಬೇಸಿಗೆ ಮಾಡಿನ ಮೇಲಿನ ಕ್ಯಾಸೆಟ್ಟಿಗೆ ನಮ್ಮ ಸಭೆಯ ನಿರ್ಣಯಗಳಿಗಾಗಿ ಕಾಯುವುದಿಲ್ಲ. ಪುಡಿ ಉದುರಿದ ಪಟ್ಟಿಯಿಂದ ದನಿಯನ್ನು ಎಬ್ಬಿಸುವ ಯಂತ್ರ ಇನ್ನೂ ಹುಟ್ಟಿಲ್ಲ. ಉದುರುವ ಮುನ್ನ ಹಿಡಿದಿಡುವ ಯಂತ್ರ ಅಂಗೈಯಲ್ಲಿದೆ. ಇಷ್ಟಾದ ಮೇಲೂ "ಸಾಹಿತ್ಯದವರಿಗೆ ಈ ಉಸಾಬರಿ ಯಾಕೆ" ಎಂದು ಕೇಳುವವರಿದ್ದರೆ, ಸಾಹಿತ್ಯ ಎಂಬುದು ಯಾವುದರ ಹೆಸರು ಎಂಬುದನ್ನು ಅವರೇ ಮೊದಲು ಹೇಳಲಿ.